ಕೊಬ್ಬರಿ ರೇಟು ಓದುತ್ತಿದ್ದ ಮೇಡಂ

ಮೊಬೈಲ್ ಇನ್ನೂ ಬಾರದ ಕಾಲದಲ್ಲಿ ತಿಪಟೂರಿನ ಒಂದು ಲೋಕಲ್ ಕೇಬಲ್ ಚಾನೆಲ್ಲಿನಲ್ಲಿ ನಾನು ಕ್ಯಾಮೆರಾ ಹಿಡಿಯುತ್ತಿದ್ದೆ. ಚಾನೆಲ್ ಅಂದರೆ ಒಂದು ಕೋಣೆ, ಒಂದು ಕ್ಯಾಮೆರಾ, ಒಂದು ನೀಲಿ ಪರದೆ, ಅಷ್ಟೇ. ರೇಡಿಯೋ ರಿಪೇರಿ ಮಾಡಿಕೊಂಡಿದ್ದ ನಮ್ಮ ಯಜಮಾನರು ತೆಂಗಿನ ಮರದಿಂದ ಮರಕ್ಕೆ ತಂತಿ ಎಳೆದು ಊರಿಗೆಲ್ಲ ಕನೆಕ್ಷನ್ ಕೊಟ್ಟಿದ್ದರು.

ಸಂಜೆ ಏಳಕ್ಕೆ ವಾರ್ತೆ ಓದಲು ಬಿಳಿಗೆರೆಯಿಂದ ಮೇಡಂ ಒಬ್ಬರು ಬರುತ್ತಿದ್ದರು. ಮೊದಲು ಕೊಬ್ಬರಿ ಹರಾಜಿನ ರೇಟು, ಕೊನೆಗೆ ಸಾವಿನ ಸುದ್ದಿ. ಹಿಂದೆಲ್ಲ ಯಾರಾದರೂ ತೀರಿಕೊಂಡರೆ ನೆಂಟರ ಮನೆಗೆ ಆಳು ಕಳಿಸುತ್ತಿದ್ದರು. ನಮ್ಮ ಚಾನೆಲ್ ಬಂದ ಮೇಲೆ ಅದು ನಿಂತಿತು. ಮೇಡಂ ಓದಿದರೆ ಸಾಕು, ಬೆಳಗಾಗುವಷ್ಟರಲ್ಲಿ ನೆಂಟರು ಬಂದಿಳಿಯುತ್ತಿದ್ದರು.

ಆಕೆಯನ್ನು ಕಂಡರೆ ನನಗೆ ಉರಿ. ನನ್ನ ಕನ್ನಡವನ್ನು ನಾಲ್ಕು ಜನರೆದುರು ತಿದ್ದುತ್ತಿದ್ದರು.

ಆಗ ಬೆಂಗಳೂರಿನ ದೊಡ್ಡ ನೆಟ್‌ವರ್ಕಿನವರು ಬಂದರು. ಅವರ ಜೊತೆ ಸೇರದಿದ್ದರೆ ಕ್ರಿಕೆಟ್ಟೂ ಇಲ್ಲ, ಸಿನಿಮಾವೂ ಇಲ್ಲ. ಸೇರಿದರೆ ನಮ್ಮ ಚಾನೆಲ್ಲಿನ ಜಾಗದಲ್ಲಿ ಅವರ ಚಾನೆಲ್. ಯಜಮಾನರು ಸಹಿ ಹಾಕಿದರು, ನಮ್ಮ ಚಾನೆಲ್ ಅವತ್ತೇ ನಿಂತಿತು.

"ಸಂಜೆ ಅರ್ಧ ಗಂಟೆ ನಮಗೇ ವಾಪಸ್ ಕೊಡ್ತಾರಂತೆ ಕಣ್ಲಾ. ಅಲ್ಲೀಗಂಟ ಮೇಡಂಗೆ ಹೇಳ್ಬ್ಯಾಡ, ಬಿಟ್ಟು ಹೋಗ್ಬುಟ್ಟಾರು," ಎಂದರು ನನಗೆ.

ಹೀಗೆ ಮೇಡಂ ಪೌಡರ್ ಹಚ್ಚಿಕೊಂಡು, ಸೀರೆಗೆ ಪಿನ್ ಹಾಕಿಕೊಂಡು, ಎಲ್ಲಿಗೂ ಹೋಗದ ವಾರ್ತೆಯನ್ನು ದಿನಾ ಓದಿದರು. ಅವರ ಹಳ್ಳಿಗೆ ನಮ್ಮ ತಂತಿ ಮುಟ್ಟಿರಲಿಲ್ಲ, ತಿಳಿಯುವ ದಾರಿಯೇ ಇರಲಿಲ್ಲ. ನನಗೋ ಹಬ್ಬ. "ಸ್ವಲ್ಪ ನಗ್ಬೇಕಿತ್ತು ಮೇಡಂ" ಎಂದು ಕೊಬ್ಬರಿ ರೇಟನ್ನು ಎರಡೆರಡು ಸಲ ಓದಿಸುತ್ತಿದ್ದೆ. ಟೀ ಅಂಗಡಿಯಲ್ಲಿ ಗುಟ್ಟು ಹೇಳಿದವನೂ ನಾನೇ. ಬಸ್ ಸ್ಟ್ಯಾಂಡಿನ ಅಂಗಡಿಯವರು "ನಿನ್ನೆ ಭಾಳ ಚೆನ್ನಾಗ್ ಓದಿದ್ರಿ ಕಣ್ರೀ" ಎಂದು ಆಕೆಗೆ ಹೇಳಿ, ಆಕೆ ಅತ್ತ ಹೋದ ಮೇಲೆ ಬಿದ್ದು ಬಿದ್ದು ನಗುತ್ತಿದ್ದರು.

ಹತ್ತು ದಿನ ಕಳೆದಿರಬೇಕು. ಮೇಡಂ ಪೌಡರ್ ಇಲ್ಲದೆ ಬಂದರು. ಮಧ್ಯಾಹ್ನ ಅವರ ತಂದೆ ತೀರಿಕೊಂಡಿದ್ದರು. ಅಕ್ಕನನ್ನು ತಿಪಟೂರಿಗೇ ಕೊಟ್ಟಿತ್ತು. ಹಳೆಯ ಜಗಳವೊಂದರಿಂದ ಅಕ್ಕ-ತಂಗಿಗೆ ಮಾತಿರಲಿಲ್ಲ. ಆದರೂ ಅಕ್ಕ ತನ್ನನ್ನು ಟಿವಿಯಲ್ಲಿ ತಪ್ಪದೆ ನೋಡುತ್ತಾಳೆಂದು ಮೇಡಂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಮನೆಯ ಮೆಟ್ಟಿಲು ಹತ್ತಲು ಮನಸ್ಸಾಗದೆ ನಮ್ಮಲ್ಲಿಗೆ ಬಂದಿದ್ದರು.

ನೆಟ್ಟಗೆ ಕೂತು ತಂದೆಯ ಸಾವನ್ನು ಓದಿದರು. ನಾಳೆ ಹನ್ನೊಂದಕ್ಕೆ ಮಣ್ಣು ಎಂದರು. ಆಮೇಲೆ ಹಾಳೆಯಲ್ಲಿಲ್ಲದ ಮಾತೊಂದನ್ನು ಹೇಳಿದರು: "ಅಕ್ಕ, ಬೇಗ ಬಾರೇ."

ಆಗಲಾದರೂ ಬಾಯಿ ಬಿಡಬಹುದಿತ್ತು. ಅಕ್ಕನ ಮನೆ ಎರಡು ಬೀದಿ ಆಚೆ. ಹತ್ತು ದಿನದ ಆಟ ಬಯಲಾಗುತ್ತದೆಂಬ ಭಯಕ್ಕೆ, "ಚೆನ್ನಾಗಿ ಬಂತು ಮೇಡಂ" ಎಂದೆ.

ಮಾರನೆಯ ದಿನ ಅವರ ತೋಟಕ್ಕೆ ಹೋದೆ. ಗುಂಡಿ ತೆಗೆದಾಗಿತ್ತು. "ಇನ್ನೊಂದು ಬಸ್ಸು ನೋಡಾನ" ಎಂದು ಮೇಡಂ ನಾಲ್ಕು ಬಸ್ಸು ಕಾದರು. ಐದನೆಯದಕ್ಕೆ ಊರಿನ ಹಿರಿಯರು ಒಪ್ಪಲಿಲ್ಲ.

ಅಕ್ಕ ಬಂದದ್ದು ಮೂರನೆಯ ದಿನ, ಹಾಲುತುಪ್ಪಕ್ಕೆ. ಅವತ್ತು ನಾನೂ ಹೋಗಿದ್ದೆ. ಅಂಗಡಿಯಲ್ಲಿ ಯಾರೋ ಹೇಳಿದರಂತೆ. ಬಂದವಳೇ ತಂಗಿಯ ಕೆನ್ನೆಗೆ ಬಾರಿಸಿದಳು. "ಅಪ್ಪನ ಮುಖ ನೋಡಾಕೂ ಬಿಡ್ಲಿಲ್ವಲ್ಲೇ ನೀನು!"

"ಟಿವೀಲಿ ಹೇಳಿದ್ನಲ್ಲಕ್ಕ. ಬಾ ಅಂತ ಕರೆದ್ನಲ್ಲ."

"ಯಾವ ಟಿವೀಲಿ? ನೀನು ಬರೋದು ನಿಂತು ಹತ್ತು ಹನ್ನೆರಡು ದಿನ ಆಯ್ತಲ್ಲೇ. ಕೆಲ್ಸ ಬಿಟ್ಟಿರ್ಬೇಕು ಅಂದ್ಕಂಡಿದ್ದೆ."

ಮೇಡಂ ನನ್ನ ಕಡೆ ತಿರುಗಿದರು. "ನೀವೇ ಹೇಳ್ರೀ ಅಕ್ಕಂಗೆ. ನಾನು ಓದಿದ್ನೋ ಇಲ್ವೋ?"

"ಓದಿದ್ರು," ಎಂದೆ.

"ಓದಿದ್ದು ಎಲ್ಲಿಗೆ ಹೋಯ್ತು ಹಂಗಾದ್ರೆ?" ಎಂದರು ಮೇಡಂ.

ನೆರೆದವರೆಲ್ಲ ನನ್ನನ್ನೇ ನೋಡುತ್ತಿದ್ದರು. "ಅದೆಲ್ಲ ನಂಗೊತ್ತಿಲ್ಲ, ಯಜಮಾನ್ರನ್ನ ಕೇಳಿ ಮೇಡಂ," ಎಂದು ಹೇಳಿ ಬಸ್ಸಿಗೆ ಹೊರಟೆ.