ತವರಿನ ತಿಂಗಳುಗಳ ಹೊಗೆ

ಬೆಳಗಿನ ಆರು ಗಂಟೆ. ಬೆಳಕವಾಡಿ ಪಕ್ಕದ ಪುಟ್ಟ ಊರಿನಲ್ಲಿ, ಮಲ್ಲಿಗಮ್ಮನ ಮನೆ ಜಗಲಿಯ ಮೇಲೆ ಕೂತು ನಾಗಶ್ರೀ ಅಂಗೈಯಗಲದ ಡಬ್ಬಿಯ ಅಂಕಿ ಓದುತ್ತಾರೆ. ಉಸಿರಿನೊಂದಿಗೆ ಎಷ್ಟು ಹೊಗೆ, ಎಷ್ಟು ದೂಳು ಒಳಗೆ ಹೋಗುತ್ತದೆಂದು ಅಳೆಯುವ ಡಬ್ಬಿ ಅದು. ಮೂರು ದಿನ ಸೊಂಟಕ್ಕೆ ಕಟ್ಟಿಕೊಂಡಿರಬೇಕಿತ್ತು. ಮಲ್ಲಿಗಮ್ಮ ದೇವರ ಗೂಡಿನಲ್ಲಿಟ್ಟು ಊದುಬತ್ತಿ ಬೆಳಗಿದ್ದಾರೆ. ಅಂಕಿ ಎಲ್ಲಿಗೋ ಏರಿ ಕೂತಿದೆ.

"ಸರ್ಕಾರದ್ ಸಾಮಾನು ಕಣಮ್ಮ, ಸೊಂಟುಕ್ ಕಟ್ಕೊಂಡು ಸಗಣಿ ಬಾಚಕಾಯ್ತದಾ?"

ನಾಗಶ್ರೀ ಗದರುವುದಿಲ್ಲ. ಡಬ್ಬಿಯನ್ನು ಒರೆಸಿ, ತಾವೇ ಮಲ್ಲಿಗಮ್ಮನ ಸೊಂಟಕ್ಕೆ ಮತ್ತೆ ಕಟ್ಟುತ್ತಾರೆ.

ಮೂವತ್ತೆಂಟರ ನಾಗಶ್ರೀ ಮನೆ ಇರುವುದು ಹತ್ತಿರದ ಬ್ಲಫ್ ಎಂಬ ಊರಿನಲ್ಲಿ. ಮಕ್ಕಳಿಬ್ಬರ ಬುತ್ತಿ ಕಟ್ಟಿಟ್ಟು ಸ್ಕೂಟರ್ ಹತ್ತಿದರೆ, ಮತ್ತೆ ಮತ್ತೆ ಹೋಗಬೇಕಾದವೂ ಸೇರಿ ದಿನಕ್ಕೆ ಹನ್ನೆರಡು ಮನೆ. ಮೈಸೂರಿನ ಸಂಶೋಧನಾ ತಂಡವೊಂದಕ್ಕಾಗಿ ಮೂರು ವರ್ಷದಲ್ಲಿ ಆರುನೂರ ಹನ್ನೊಂದು ಮನೆ ಮುಗಿದಿವೆ. ಯಾರು ಯಾವ ವರ್ಷದಿಂದ ಎಲ್ಲಿದ್ದರು, ಯಾವ ಹೊಗೆ ಕುಡಿದರು, ಈಗ ಯಾವ ಕಾಯಿಲೆ ಎಂದು ಕೇಳಿ ಬರೆಯುವುದು ಕೆಲಸ. ಬಿಸಿಲಿಗಿಂತ, ನಾಯಿಗಿಂತ ಕಷ್ಟವಾದದ್ದು ಜನರ ನೆನಪು. ಇಸವಿ ಕೇಳಿದರೆ "ಹೊಳೆ ಉಕ್ಕಿದ ವರ್ಷ" ಎನ್ನುತ್ತಾರೆ.

ಆದರೆ ಈಗಿನ ಗೊಂದಲ ಬೇರೆ. ಬೆಲ್ಲ ಕಾಯಿಸುವ ಆಲೆಮನೆಯ ಹೊಗೆಯೇ ಇಲ್ಲದ ಈ ಊರಿನಲ್ಲಿ ಉಬ್ಬಸದ ಮಕ್ಕಳು ಇಪ್ಪತ್ಮೂರು. ನಕ್ಷೆ ನೋಡಿದ ಮೇಲಧಿಕಾರಿ, ನೀವೇ ತಪ್ಪು ಬರೆದಿರಬೇಕು ಎಂದರು. ನಾಗಶ್ರೀ ಇಪ್ಪತ್ಮೂರು ಮನೆಗೂ ಮತ್ತೆ ಹೋದರು. ಉತ್ತರ ಅದೇ. ನಾಲ್ಕು ದಿನ ಅನ್ನ ರುಚಿಸಲಿಲ್ಲ.

ಎಳೆ ಸಿಕ್ಕಿದ್ದು ಮಲ್ಲಿಗಮ್ಮನ ಮಾತಿನಿಂದ. ಸೊಸೆ ಅಮೃತ ಮದುವೆಯಾದಾಗಿನಿಂದ ಇದೇ ಮನೆಯಲ್ಲಿದ್ದಾಳೆಂದು ಬರೆಸಿದ್ದವರು, ಮೊಮ್ಮಗನ ಕೆಮ್ಮು ಕೇಳಿ ಗೊಣಗಿದರು: "ಬಾಣಂತನುಕ್ ತವರ್ಗೋದೋಳು ಐದ್ ತಿಂಗ್ಳಾದ್ರೂ ಬರ್ನಿಲ್ಲ. ಅಲ್ಲಿಂದ್ಲೇ ತಂದ್ಲು ಈ ಕೆಮ್ಮ."

ತವರಿಗೆ ಹೋದದ್ದನ್ನು ಇಲ್ಲಿ ಯಾರೂ ಬೇರೆ ಕಡೆ ವಾಸ ಎಂದು ಎಣಿಸುವುದಿಲ್ಲ. ಇಬ್ಬರನ್ನು ತವರಿನಲ್ಲೇ ಹೆತ್ತ ನಾಗಶ್ರೀಗೂ ಹೊಳೆದಿರಲಿಲ್ಲ. ಅಮೃತಳ ತವರು ಹಲಗೂರಿನಾಚೆ, ಹಿತ್ತಲಿಗೇ ಆಲೆಮನೆ. ರಸ ಹಿಂಡಿದ ಕಬ್ಬಿನ ಸಿಪ್ಪೆ, ಅಂದರೆ ರಚ್ಚು, ಒಣಗದಿದ್ದಾಗ ಒಲೆಗೆ ಹಳೇ ಟಯರು ಹಾಕುತ್ತಾರಂತೆ. ನಮೂನೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು 'ತವರು' ಎಂದು ಬರೆದು, ನಾಗಶ್ರೀ ಎಲ್ಲ ಮನೆಯಲ್ಲೂ ಮತ್ತೆ ಕೇಳಿದರು. ಹದಿನಾಲ್ಕು ಮನೆಯಲ್ಲಿ ತಾಯಿಯ ತವರಿನ ಹತ್ತಿರ ಆಲೆಮನೆ ಇತ್ತು, ತಾಳೆಯಾಯಿತು. ಒಂಬತ್ತು ಮನೆ ತಾಳೆಯಾಗಲಿಲ್ಲ. ಹಾಗಾದರೆ ಇದು ನಿಜವೋ, ಬರೀ ಊಹೆಯೋ?

ಅಮೃತ ಈಗ ಏಳು ತಿಂಗಳ ಬಸುರಿ. ಶುಕ್ರವಾರ ತವರಿಗೆ ಹೊರಟಿದ್ದಾಳೆ.

"ಓಗ್ಲಾ ಬ್ಯಾಡ್ವಾ, ನೀವೇ ಏಳಿ ಅಕ್ಕ."

ಕೇಳಿ ಬರೆಯಬೇಕು, ಬುದ್ಧಿ ಹೇಳಬಾರದು ಎಂಬುದು ತಂಡದ ನಿಯಮ. ನಾಗಶ್ರೀ ಪೆನ್ಸಿಲು ಕೆಳಗಿಡುತ್ತಾರೆ.

"ನಂಗೂ ಗೊತ್ತಿಲ್ಲ ಕಣವ್ವ. ಓದ್ರೆ ಆಲೆಮನೆ ಕಡೆ ರೂಮಲ್ಲಿ ಮಲಗ್‌ಬ್ಯಾಡ. ಒಲೆ ಅಚ್ಚಿದ್ ದಿನ ಯಾರದಾರ ನೆಂಟರ ಮನೇಲಿರು."

ಚೀಲದಿಂದ ಇನ್ನೊಂದು ಡಬ್ಬಿ ತೆಗೆದು ಅವಳ ಕೈಗಿಡುತ್ತಾರೆ. ಗೂಡಿಗೆ ಇಡಬೇಡವೆಂದು ಎರಡು ಸಲ ಹೇಳುತ್ತಾರೆ.

ಮುಂದಿನ ನಮೂನೆಯಲ್ಲಿ ತವರಿಗೊಂದು ಸಾಲು ಅಚ್ಚಾಗಲಿ ಎಂಬುದು ನಾಗಶ್ರೀ ಆಸೆ. ಅಮೃತಳ ಡಬ್ಬಿಯ ಅಂಕಿ ಹೆಚ್ಚು ಬಂದರೆ ಅದಕ್ಕೆ ಬಲ ಬರುತ್ತದಲ್ಲ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಕಡ್ಮೇನೇ ಬರ್ಲಿ. ನಾನೇ ತಪ್ಪು ತಿಳ್ಕಂಡಿದ್ದೆ ಅಂತ ಆಗ್ಲಿ ಬುಡಿ."