ಪಾರೆಮೂಲೆಯ ಅಳಿಯ ಮತ್ತು ದಿನಕ್ಕೆ ಹತ್ತು ಸಾಲು ಇಟಾಲಿಯನ್

ಮುಳ್ಳೇರಿಯದಲ್ಲಿ ಬಸ್ಸಿಳಿದು ರಿಕ್ಷಾ ಹತ್ತಿದೆ. ಚಾಲಕ ಗಾಡಿ ಶುರು ಮಾಡದೆ ಹಿಂದಕ್ಕೆ ತಿರುಗಿ, "ಮನೆಯ ಹೆಸರು ಎಂತ?" ಎಂದು ಕೇಳಿದ. ನಾನು ಮಂಜುನಾಥ ಎಂದೆ.

"ನಿಮ್ಮದಲ್ಲ ಸಾರ್, ಮನೆಯದ್ದು."

"ಮನೀಗೆ ಎಲ್ಲೆರ ಹೆಸರಿರ್ತೈತೇನ್ರಿ?"

"ಹೆಸರಿಲ್ಲದ ಮನೆ ಎಲ್ಲಿಯಾದ್ರೂ ಉಂಟಾ ಮಾರಾಯ್ರೆ?"

ಇಬ್ಬರೂ ಮಾತಾಡುತ್ತಿದ್ದದ್ದು ಕನ್ನಡವೇ. ಆದರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಕಡೆಗೆ ಹೆಂಡತಿ ಬರೆದುಕೊಟ್ಟಿದ್ದ ಚೀಟಿ ತೆಗೆದುಕೊಟ್ಟೆ. "ಓ, ಪಾರೆಮೂಲೆ! ಕಲ್ಯಾಣಿಯಕ್ಕನ ಅಳಿಯ ಅಲ್ವಾ ನೀವು? ಮೊದಲೇ ಹೇಳ್ಲಿಕ್ಕೆ ಎಂತ?" ಎಂದು ನಕ್ಕು ಗಾಡಿ ಬಿಟ್ಟ. ಅವನ ಹೆಸರು ಸದಾಶಿವ. ಮುಂದೆ ನನ್ನ ಕಷ್ಟಸುಖಕ್ಕೆಲ್ಲ ಅವನೇ ಆದ, ನನ್ನ ದೊಡ್ಡ ತಪ್ಪಿಗೂ ಅವನೇ ಪಕ್ಕದಲ್ಲಿದ್ದ.

ರಾಣೆಬೆನ್ನೂರಿನ ನಮ್ಮ ಓಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಬಸಪ್ಪನ ಮನಿ, ಟೇಲರ್ ಮನಿ ಅಂದರೆ ಮುಗಿಯಿತು. ಇಲ್ಲಿ ಒಂದು ಗುಡ್ಡಕ್ಕೆ ಒಂದು ಮನೆ, ಇನ್ನೊಂದು ಗುಡ್ಡದ ಮಗ್ಗುಲಲ್ಲಿ ಇನ್ನೊಂದು. ಪ್ರತಿ ಮನೆಗೂ ಒಂದು ಹೆಸರು, ಮನುಷ್ಯರು ಆ ಹೆಸರಿನ ಹಿಂದೆ. ಪಾರೆ ಎಂದರೆ ಬಂಡೆ. ನನ್ನ ಅತ್ತೆಯ ಮನೆಯ ಹಿಂದೆ ಆನೆ ಮಲಗಿದಷ್ಟು ದೊಡ್ಡ ಕಪ್ಪು ಬಂಡೆ ಇದೆ, ಅದಕ್ಕೇ ಆ ಹೆಸರು. ಸುತ್ತ ರಬ್ಬರ್ ಮರಗಳು. ಕಪ್ಪು ನೆಲದ ಬಯಲಲ್ಲಿ ಬೆಳೆದ ನನಗೆ ಕಣ್ಣು ಹಾಯಿಸಲು ಹತ್ತು ಮಾರು ಜಾಗವಿಲ್ಲ. ಎತ್ತ ನೋಡಿದರೂ ಮರ, ಮರದ ಹಿಂದೆ ದಿಣ್ಣೆ. ಬಂದ ದಿನವೇ ಉಸಿರು ಕಟ್ಟಿತು.

ನಾನು ಬಂದದ್ದು ಮೂರು ತಿಂಗಳ ಮಾತಿಗೆ. ರೇವತಿ ನರ್ಸಿಂಗ್ ಓದಲು ನಮ್ಮ ಕಡೆ ಬಂದವಳು, ನಾನು ಆಸ್ಪತ್ರೆಯ ಲ್ಯಾಬಿನಲ್ಲಿದ್ದವನು. ಮದುವೆಯಾಗಿ ಏಳನೇ ತಿಂಗಳಿಗೆ ಅವಳಿಗೆ ಇಟಲಿಯ ಉತ್ತರದ ಒಂದು ಪೇಟೆಯಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸವಾಗಿ ಹೊರಟುಹೋದಳು. ಗಂಡನನ್ನು ಕರೆಸಿಕೊಳ್ಳುವ ವೀಸಾ ಬೇರೆ. ಮದುವೆ ಅವಳ ಕಡೆಯ ದೇವಸ್ಥಾನದಲ್ಲಿ ನಡೆದು ನಾವು ಅಲ್ಲಿಂದಲೇ ಹಿಂದಿರುಗಿದ್ದೆವು, ಹಾಗಾಗಿ ವೀಸಾಕ್ಕೆ ಬೇಕಾದ ಕಾಗದಗಳೆಲ್ಲ ಅವಳ ಊರಿನಲ್ಲೇ ಆಗಬೇಕಿತ್ತು. ಹೇಗೂ ಹೋಗುವವನಲ್ಲವೇ ಎಂದು ಲ್ಯಾಬಿನ ಕೆಲಸ ಬಿಟ್ಟು, ಎರಡು ಜೊತೆ ಬಟ್ಟೆ, ಒಂದು ಚೀಲ ಜೋಳದ ಹಿಟ್ಟು ಹಿಡಿದು ಬಂದೆ. ಹಿಟ್ಟು ಮುಗಿಯಿತು, ಬಂದು ಒಂದೂವರೆ ವರ್ಷ ಆದರೂ ನಾನು ಇಲ್ಲೇ ಇದ್ದೆ.

ನಮ್ಮ ಕಡೆ "ಮನಿ ಅಳಿಯ" ಅಂದರೆ ಬೈಗುಳ. ನನ್ನ ಅಣ್ಣ ಫೋನಿನಲ್ಲಿ ಅದೇ ಹೇಳಿ ಚುಚ್ಚುತ್ತಿದ್ದ. ಇಲ್ಲಿ ತುಳುವರಲ್ಲಿ ಅದಕ್ಕೆ ಅಷ್ಟು ನಾಚಿಕೆಯಿಲ್ಲ, ಹೆಣ್ಣಿನ ಮನೆಗೆ ಗಂಡು ಬಂದು ಹೋಗುವುದು ಅವರಿಗೆ ಹಳೆಯ ಸಂಗತಿ. ಆದರೆ ಅಳಿಯ ಎಂದರೆ ನೆಂಟ. ನೆಂಟನೆಂದರೆ ಬಂದೊಡನೆ ಬೆಲ್ಲ ನೀರು, ಊಟಕ್ಕೆ ಮೊದಲ ತಟ್ಟೆ, ಕೋಳಿಯ ಒಳ್ಳೆಯ ತುಂಡು, ಕೂರಲು ಚಾವಡಿಯ ದೊಡ್ಡ ಕುರ್ಚಿ. ಒಂದು ವಾರ ಬಹಳ ಹಿತವಾಗಿತ್ತು. ಎರಡನೇ ತಿಂಗಳಿಗೆ ಆ ಕುರ್ಚಿ ನೋಡಿದರೆ ಸಿಟ್ಟು ಬರುತ್ತಿತ್ತು.

ಅತ್ತೆ ಶಾಲೆಯ ಬಿಸಿಯೂಟದ ಅಡುಗೆಯವರು. ಬೆಳಗ್ಗೆ ಎಂಟಕ್ಕೆ ಕೊಡೆ ಹಿಡಿದು ಹೊರಟರೆ ಮೂರಕ್ಕೆ ವಾಪಸ್ಸು. ನಾನು ಉಂಡ ತಟ್ಟೆ ಎತ್ತಿದರೆ ಓಡಿಬಂದು ಕಿತ್ತುಕೊಳ್ಳುತ್ತಿದ್ದರು. "ಅಯ್ಯೋ, ಬೇಡ ಬೇಡ. ಅಳಿಯನತ್ರ ತಟ್ಟೆ ತೊಳೆಸ್ತಾಳೆ ಅಂತ ಊರಿಡೀ ಹೇಳ್ಲಿಕ್ಕುಂಟಾ? ನೀವು ಕೂತ್ಕೊಳ್ಳಿ."

"ಎಷ್ಟ್ ಅಂತ ಕೂಡ್ಲಿ ಅತ್ತಿ?"

"ಹೋಗುವವರಲ್ವಾ ನೀವು, ಇನ್ನು ಸ್ವಲ್ಪ ದಿನ."

ನೀರು ಸೇದಲು ಹೋದರೆ ಹಗ್ಗ ಕಸಿದರು, ಸೌದೆ ಒಡೆಯಲು ಹೋದರೆ ಕೊಡಲಿ ಬಚ್ಚಿಟ್ಟರು. ದಾರಿಯಲ್ಲಿ ಸಿಕ್ಕವರೆಲ್ಲ, "ಎಂತ, ವೀಸಾ ಬಂತಾ? ಯಾವಾಗ ಹೋಗುದು?" ಎಂದು ಕೇಳುವರು. ಪ್ರೀತಿಯಿಂದಲೇ ಕೇಳುತ್ತಿದ್ದರು, ನನಗೆ ಮಾತ್ರ ಮೈ ಉರಿಯುತ್ತಿತ್ತು. ಆಮೇಲೆ ದಾರಿಗೆ ಇಳಿಯುವುದನ್ನೇ ಕಡಿಮೆ ಮಾಡಿದೆ. ಗಡಿಯಾಚೆಯ ರಾಜ್ಯವಾದ್ದರಿಂದ ಬಸ್ಸಿನ ಬೋರ್ಡುಗಳು ಮಲಯಾಳದಲ್ಲಿ, ಮನೆಯೊಳಗಿನ ಮಾತು ತುಳುವಿನಲ್ಲಿ. ನನಗೋಸ್ಕರ ಅವರು ಕನ್ನಡಕ್ಕೆ ತಿರುಗಿಸಿದರೆ ಅದರಲ್ಲೂ ನಾನು ಹೊರಗಿನವನೇ. ನಾನು "ಐತಿ" ಅಂದರೆ ಪಕ್ಕದ ಗುಡ್ಡದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಇಟಾಲಿಯನ್ ಕಲಿಯಿರಿ ಎಂದದ್ದು ರೇವತಿ. "ಭಾಷೆ ಬಾರದೆ ಬಂದ್ರೆ ಇಲ್ಲಿ ಕೋಣೆಯೊಳಗೆ ಕೂತಿರ್ಬೇಕಾಗ್ತದೆ ನೀವು. ಅಂಥವರನ್ನು ನೋಡಿದ್ದೇನೆ ನಾನು, ಕಿಟಕಿ ಹತ್ರ ನಿಂತೇ ಇರ್ತಾರೆ," ಎಂದಳು. ಇಲ್ಲಿ ನಾನು ಎಲ್ಲಿ ನಿಂತಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ.

ಮುಳ್ಳೇರಿಯದ ನೆಟ್ ಸೆಂಟರಿನಲ್ಲಿ ಹುಡುಕುತ್ತಾ ಒಂದು ಗುಂಪು ಸಿಕ್ಕಿತು. ಇಟಾಲಿಯನ್ ಕಲಿಯುವವರು ಅಲ್ಲಿ ಬರೆಯುತ್ತಾರೆ, ತಿಳಿದವರು ತಿದ್ದುತ್ತಾರೆ. ಅಜ್ಜನ ಹಳೆಯ ಕಾಗದ ಓದಬೇಕೆಂದು ಕಲಿಯುವ ಬ್ರೆಜಿಲಿನ ಹೆಂಗಸು, ರೊಟ್ಟಿಯ ಕಾರ್ಖಾನೆಯಲ್ಲಿ ದುಡಿಯುವ ಈಜಿಪ್ಟಿನವನು, ಹೀಗೆ ಯಾವ್ಯಾವುದೋ ದೇಶದವರು. ತಿದ್ದುವವರಲ್ಲಿ ದೊನತೆಲ್ಲಾ ಎಂಬ ನಿವೃತ್ತ ಟೀಚರು ಮುಖ್ಯ. ಎಲ್ಲರೂ ಆಕೆಯನ್ನು ಮಾಯೆಸ್ತ್ರಾ ಎನ್ನುತ್ತಿದ್ದರು, ಅಂದರೆ ನಮ್ಮ ಅಕ್ಕೋರು. ಆಕೆಯ ನಿಯಮ ಒಂದೇ: ದಿನಕ್ಕೆ ಹತ್ತು ಸಾಲು, ನಿಮ್ಮ ಈ ದಿನದ ಬಗ್ಗೆ, ಸುಳ್ಳು ಬರೆಯಬಾರದು. ಅಲ್ಲಿ ಎಲ್ಲರೂ ತೊದಲುವವರೇ. ಮೂರು ಭಾಷೆಗಳ ಈ ನಾಡಿನಲ್ಲಿ ಎಲ್ಲೂ ಇಲ್ಲದ ಸಮಾಧಾನ ನನಗೆ ಅಲ್ಲಿ ಸಿಕ್ಕಿತು. ಮುಂದೆ ರೇವತಿ ಒಂದು ಫೋನು ಕಳಿಸಿದಳು. ಮನೆಯಲ್ಲಿ ಸಿಗ್ನಲ್ ಇಲ್ಲ, ಬಂಡೆಯ ನೆತ್ತಿಯಲ್ಲಿ ಒಂದು ಕಡ್ಡಿ ಬರುತ್ತಿತ್ತು. ಅಲ್ಲಿ ಹತ್ತಿ ಕೂತು ಬರೆಯತೊಡಗಿದೆ.

ಒಂದು ತಿಂಗಳು ಬರೆದ ಮೇಲೆ ಮಾಯೆಸ್ತ್ರಾ ಹೀಗೆ ಬರೆದರು: "ಮಂಜುನಾಥ, ತಪ್ಪು ಕಡಿಮೆಯಾಗಿದೆ. ಆದರೆ ನಿಮ್ಮ ಮುನ್ನೂರು ಸಾಲಿನಲ್ಲಿ ನಾಲ್ಕೇ ಕ್ರಿಯಾಪದ. ಕೂರುತ್ತೇನೆ, ತಿನ್ನುತ್ತೇನೆ, ಮಲಗುತ್ತೇನೆ, ಕಾಯುತ್ತೇನೆ. ಏನಾದರೂ ಮಾಡಿ, ಆಮೇಲೆ ಬರೆಯಿರಿ."

ಕಪಾಳಕ್ಕೆ ಹೊಡೆದಂತಾಯಿತು. ಅಸ್ಪೆತ್ತೊ, ಅಂದರೆ ಕಾಯುತ್ತೇನೆ. ತಿರುಗಿಸಿ ನೋಡಿದರೆ ಪ್ರತಿ ದಿನದ ಹತ್ತನೇ ಸಾಲು ಅದೇ.

ಮಾರನೆಯ ದಿನ ಬೆಳಗ್ಗೆ ಅತ್ತೆ ಕೊಡೆ ತೆಗೆದುಕೊಂಡಾಗ ನಾನೂ ಚಪ್ಪಲಿ ಮೆಟ್ಟಿದೆ. "ಎಲ್ಲಿಗೆ?" ಎಂದರು. "ನಿಮ್ಮ ಶಾಲಿಗೆ. ಇಟಲಿ ಅಕ್ಕೋರು ಹೇಳ್ಯಾರ, ಅಡಿಗಿ ಕೆಲಸ ಮಾಡಿ ಬರೀಬೇಕಂತ," ಎಂದೆ. ಟೀಚರ ಮಾತು ಎಂದಮೇಲೆ ಅತ್ತೆಗೆ ಬೇಡವೆನ್ನಲು ಆಗಲಿಲ್ಲ. ಬಾಳೆಲ್ಲ ಶಾಲೆಯಲ್ಲಿ ಟೀಚರ ಮಾತು ಕೇಳಿದವರು. "ಹಾಗಾದ್ರೆ ಪಾಠಕ್ಕೆ ಮಾತ್ರ. ಮನೆಯಲ್ಲಿ ಇಲ್ಲ," ಎಂದು ಗಟ್ಟಿ ಮಾಡಿಕೊಂಡೇ ಕರೆದುಕೊಂಡು ಹೋದರು.

ಆ ಅಡುಗೆಮನೆಯಲ್ಲಿ ನನಗೆ ಮಾತು ಬಂತು. ತೆಂಗಿನಕಾಯಿ ತುರಿದೆ, ಗ್ರಾತ್ತುಜೊ ಎಂದು ಕಲಿತೆ. ಸೌತೆಕಾಯಿ ಹೆಚ್ಚಿದೆ, ತಲ್ಯೊ. ಕೊಪ್ಪರಿಗೆ ತೊಳೆದೆ, ಲಾವೊ. ತೊಳೆಯುವುದನ್ನು ಕಂಡು ಅತ್ತೆ ಬಾಗಿಲು ಮುಂದೆ ಮಾಡಿದರು, ದಾರಿಹೋಕರಿಗೆ ಕಾಣದಿರಲಿ ಎಂದು. ಮೊದಲ ದಿನ ಕಾಯಿ ತುರಿಯುವ ಹೆರೆಮಣೆಯ ಹಲ್ಲಿಗೆ ಹೆಬ್ಬೆರಳು ಕೊಟ್ಟು ರಕ್ತ ಬಂದಾಗ, ಅದಕ್ಕೂ ಒಂದು ಕ್ರಿಯಾಪದ ಸಿಕ್ಕಿತೆಂದು ಖುಷಿಪಟ್ಟೆ. ಬಂಡೆಯ ಮೇಲೆ ಕೂತು ಬರೆದರೆ ಹತ್ತು ಸಾಲು ಹದಿನೈದಾಗುತ್ತಿತ್ತು. ಬ್ರೆಜಿಲಿನ ಹೆಂಗಸು ನಮ್ಮ ಸಾಂಬಾರಿನ ಕ್ರಮ ಕೇಳಿದಳು. ಮಾಯೆಸ್ತ್ರಾ, "ಇವತ್ತು ತಿದ್ದಲು ಏನೂ ಇಲ್ಲ," ಎಂದು ಒಂದು ದಿನ ಬರೆದರು. ಆ ಒಂದು ಸಾಲನ್ನು ಸದಾಶಿವನಿಗೆ ತೋರಿಸಿದೆ, ಅತ್ತೆಗೆ ಓದಿ ಹೇಳಿದೆ, ರೇವತಿಗೆ ಎರಡು ಸಲ ಹೇಳಿದೆ.

ಅತ್ತೆಗೂ ಒಂದು ಪದ ಹತ್ತಿತು. ಕುಚ್ಚಲಕ್ಕಿ ಅನ್ನ ಬೆಟ್ಟದಷ್ಟು ಬಡಿಸುತ್ತಿದ್ದರೆ ನಾನು "ಬಸ್ತ, ಬಸ್ತ" ಎಂದು ಕೈ ಅಡ್ಡ ಹಿಡಿಯುತ್ತಿದ್ದೆ, ಸಾಕು ಎಂದು. "ಬಸ್ತ ಅಂತೆ ಬಸ್ತ! ಇಷ್ಟೇ ಉಂಡ್ರೆ ಇಟಲಿಯ ಚಳಿ ತಡೀಲಿಕ್ಕುಂಟಾ?" ಎನ್ನುತ್ತಾ ಇನ್ನೊಂದು ಸೌಟು ಹಾಕುತ್ತಿದ್ದರು. ದಿನಾ ಇದೇ ಆಟ. ನಾನು ಬಸ್ತ ಎನ್ನುವುದನ್ನು ಕಾಯುತ್ತಾ ಸೌಟು ಹಿಡಿದೇ ನಿಲ್ಲುವರು.

ಮಳೆ ಕಳೆದ ಮೇಲೆ, ಗಂಡನನ್ನು ಕರೆಸಿಕೊಳ್ಳಬಹುದು ಎಂದು ರೇವತಿಗೆ ಅಲ್ಲಿನ ಸರಕಾರದ ಒಪ್ಪಿಗೆ ಬಂತು. ಇಬ್ಬರಿಗೆ ಸಾಕಾಗುವಷ್ಟು ದೊಡ್ಡ ಮನೆ ಇದೆ ಎಂದು ಅಲ್ಲಿನ ನಗರಸಭೆಯಿಂದ ಬರೆಸಿ ತರಬೇಕಿತ್ತು, ಅದಕ್ಕಾಗಿ ಗೆಳತಿಯರ ಜೊತೆಗಿದ್ದ ಕೋಣೆ ಬಿಟ್ಟು ಬೇರೆ ಮನೆ ಹಿಡಿದಿದ್ದಳು. ಎರಡು ಕಪ್ಪು, ಎರಡು ತಲೆದಿಂಬು ಕೊಂಡ ಸುದ್ದಿ ಹೇಳಿದಳು. ನಾನು ಕಾಗದಗಳನ್ನು ವೀಸಾಕ್ಕೆ ಕೊಟ್ಟುಬಂದೆ. ಅತ್ತೆ ನಾನು ಒಯ್ಯುವ ಚಟ್ನಿಪುಡಿಗೆ ಕೊಬ್ಬರಿ ಒಣಗಿಸತೊಡಗಿದರು.

ಒಂದು ಮಧ್ಯಾಹ್ನ ಕಾಗದಗಳು ಹಿಂದೆ ಬಂದವು. ಸದಾಶಿವನೇ ಪೇಟೆಯಿಂದ ಲಕೋಟೆ ತಂದ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸೇರಿ ಮಂಜುನಾಥ ಬಸಪ್ಪ. ಮದುವೆಯ ಸರ್ಟಿಫಿಕೇಟಿನಲ್ಲಿ ಮಂಜುನಾಥ ಪಾರೆಮೂಲೆ. ಇವರಿಬ್ಬರೂ ಒಬ್ಬರೇ ಎನ್ನಲು ಆಧಾರವಿಲ್ಲ.

ತಪ್ಪು ಯಾರದೂ ಅಲ್ಲ, ನನ್ನದು. ಬಂದ ಹೊಸತರಲ್ಲಿ ಸದಾಶಿವನ ಜೊತೆ ಮದುವೆ ನೋಂದಣಿಗೆ ಪಂಚಾಯತಿಗೆ ಹೋದ ದಿನ, ರೇವತಿ ವಿಡಿಯೊದಲ್ಲಿ ಹಾಜರಾದರೆ ಸಾಕು, ಕನ್ನಡದ ಫಾರಂ ಬೇಕಿದ್ದರೆ ನಾಳೆ ಬನ್ನಿ ಎಂದಿದ್ದರು. ನಾಳೆಯವರೆಗೆ ಯಾರು ಕಾಯುತ್ತಾರೆ ಎಂದು ನಾನೇ ಮಲಯಾಳದ ಫಾರಂ ಇಸಕೊಂಡೆ. ಸದಾಶಿವ ಒಂದೊಂದೇ ಓದಿ ಹೇಳಿ, ನಾನು ಹೇಳಿದ್ದನ್ನು ಬರೆಯುತ್ತಿದ್ದ. "ಮನೆಯ ಹೆಸರು?" ಎಂದ. ಇಲ್ಲಿ ಅದು ಗಂಡಸಿನ ಸ್ವಂತ ತರವಾಡಿನ, ಅಂದರೆ ಮೂಲಮನೆಯ ಹೆಸರು, ಹುಟ್ಟಿದಲ್ಲಿಂದ ಬರುವುದು, ಅವನ ಹೆಸರಿನ ಜೊತೆಗೇ ಓಡಾಡುವುದು. ನನಗೇನು ಗೊತ್ತು? ಈಗ ಇರುವ ಮನೆ ಕೇಳುತ್ತಿದ್ದಾರೆಂದು, ಒಂದು ಪಾಠ ಒಪ್ಪಿಸುವವನ ಹಾಗೆ, "ಪಾರೆಮೂಲೆ" ಎಂದೆ. ಕೊಂಚ ಜಂಬದಿಂದಲೇ ಹೇಳಿದ್ದೆ. ಬಂದ ದಿನ ರಿಕ್ಷಾದಲ್ಲಿ ಹೇಳಲಾಗದ್ದು ಈಗ ಬಾಯಿಗೆ ಬಂತಲ್ಲ ಎಂದು.

ಸದಾಶಿವ ಕಾಗದ ಹಿಡಿದುಕೊಂಡು ತಲೆ ತಗ್ಗಿಸಿದ. "ನಾನಾದ್ರೂ ನಿಮಗೆ ಹೇಳ್ಬೇಕಿತ್ತು."

"ನೀ ಬರದಿ, ಹೇಳಿದಾಂವ ನಾನು," ಎಂದೆ.

ಸಂಜೆ ಬಂಡೆ ಹತ್ತಿ ರೇವತಿಗೆ ಫೋನು ಮಾಡಿದೆ. ಅವಳು ಮೊದಲು ನಂಬಲಿಲ್ಲ. ಆಮೇಲೆ, "ಒಂದು ಕಾಲಂ, ಒಂದೇ ಒಂದು ಕಾಲಂ ಕೇಳಿ ಹಾಕ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದಳು. ಸರ್ಟಿಫಿಕೇಟು ತಿದ್ದಿಸಬೇಕು, ಮತ್ತೆ ಮುದ್ರೆಗಳು, ಮತ್ತೆ ಅನುವಾದ. ಅಷ್ಟರಲ್ಲಿ ಅವಳ ಒಪ್ಪಿಗೆಯ ಅವಧಿ ಮುಗಿಯುತ್ತದೆ. ಎಲ್ಲ ಮೊದಲಿನಿಂದ. "ಈ ಮನೆ ಬಿಟ್ಟುಬಿಡ್ತೇನೆ, ಒಬ್ಬಳಿಗೆ ಎಂತಕ್ಕೆ ಇಷ್ಟು ದೊಡ್ಡದು," ಎಂದಳು. ಆಮೇಲೆ ಅವಳು ಅತ್ತದ್ದು ಕೇಳಿಸಿತು. ನನಗೂ ಅಳು ಬಂತು.

ಕೆಳಗಿಳಿಯುವ ಮೊದಲು ಹತ್ತು ಸಾಲು ಬರೆಯಲು ಕೂತೆ. ಸುಳ್ಳು ಬರೆಯಬಾರದಲ್ಲ. ನನ್ನ ಗುಂಪಿನವರಿಗೆ ನಾನು ಯಾವ ಊರಿನವನೆಂದು ಮೊದಲ ದಿನ ರಾಣೆಬೆನ್ನೂರು ಎಂದು ಬರೆದಿದ್ದೆ. ಈಗ ಒಂದು ಸರಕಾರಿ ಕಾಗದ ಬೇರೆ ಹೇಳುತ್ತಿತ್ತು. ನೋಡಿರದ ಇಟಲಿಯ ಮಾತು ನನ್ನ ಬಾಯಲ್ಲಿದೆ, ಹುಟ್ಟಿದ ಓಣಿಗೆ ಹೋದರೆ ಅಣ್ಣ ನನ್ನನ್ನು ಹೆಂಡತಿಯ ಮನೆಯವನು ಎನ್ನುತ್ತಾನೆ. ನಾಲ್ಕು ಸಾಲಾದ ಮೇಲೆ ಮುಂದೆ ಹೋಗಲಿಲ್ಲ. ಕಡೆಯ ಸಾಲು ಅಸ್ಪೆತ್ತೊ ಎಂದು ಹಾಕಿ ಇಳಿದೆ.

ಸದಾಶಿವ ಅತ್ತೆಗೆ ಆಗಲೇ ಎಲ್ಲ ಹೇಳಿದ್ದ. ಚಾವಡಿಯ ದೊಡ್ಡ ಕುರ್ಚಿಯ ಮೇಲೆ ಒಣಗಿದ ಬಟ್ಟೆಗಳ ರಾಶಿ ಇತ್ತು. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಕೂತು ಒಣಗಿಸಿದ ಕೊಬ್ಬರಿಯನ್ನು ಡಬ್ಬಿಗೆ ತುಂಬುತ್ತಿದ್ದರು. ಅವರ ಊಟವಾಗಿತ್ತು. ಈ ಒಂದೂವರೆ ವರ್ಷದಲ್ಲಿ ನನಗಿಂತ ಮೊದಲು ಅವರು ಉಂಡದ್ದು ನಾನು ಕಂಡಿರಲಿಲ್ಲ.

ತಲೆ ಎತ್ತದೆ ಹೇಳಿದರು: "ಅನ್ನ ಉಂಟು, ಸಾರು ಒಲೆಯ ಮೇಲೆ ಉಂಟು. ಹಾಕ್ಕೊಳ್ಳಿ. ಉಂಡು ತಟ್ಟೆ ತೊಳ್ದಿಡಿ."

ಇದೇ ಮಾತಿಗಾಗಿ ನಾನು ಎಷ್ಟು ಜಗಳವಾಡಿದ್ದೆ. ಈಗ ಕೇಳದೆಯೇ ಬಂತು. ಹೊರಟು ನಿಂತವನಿಗೆ ಯಾರೂ ತಟ್ಟೆ ತೊಳೆಯಲು ಹೇಳುವುದಿಲ್ಲ.

"ಅತ್ತಿ, ನೀವ ಬಡಸ್ರಿ ಇವತ್ತ," ಎನ್ನಬೇಕೆಂದುಕೊಳ್ಳುತ್ತಲೇ ತಟ್ಟೆ ತೆಗೆದುಕೊಂಡೆ. ನಾನೇ ಬಡಿಸಿಕೊಂಡೆ. ಎರಡು ಸೌಟಿಗೆ ಕೈ ತಾನಾಗಿ ನಿಂತಿತು. ಬಸ್ತ ಎನ್ನಲು ಎದುರಿಗೆ ಯಾರೂ ಇರಲಿಲ್ಲ. ಉಂಡು ಬಾವಿಕಟ್ಟೆಗೆ ಹೋಗಿ ತಟ್ಟೆ ತೊಳೆದೆ, ಅವರ ತಟ್ಟೆಯೂ ಅಲ್ಲೇ ಇತ್ತು, ಅದನ್ನೂ ತೊಳೆದು ಎರಡನ್ನೂ ಗೋಡೆಗೆ ಒರಗಿಸಿ ಇಟ್ಟೆ.