ಕಾರಿನ ಕೆಳಗಿನ ಕೆಂಪು ಕಲೆ

ಪುಟ್ಟಿ, ಚಿನ್ನು, ಅವತ್ತು ಗ್ಯಾರೇಜಿನಲ್ಲಿ ಅಷ್ಟು ಜನರ ಎದುರು ನಾನು ಯಾಕೆ ಜೋರು ಮಾಡಿದೆನೆಂದು ಕೇಳಿದಿರಿ. ಆಗ ಹೇಳಲಾಗಲಿಲ್ಲ. ಸಿಟ್ಟು ಬಂದರೆ ನನಗೆ ಮಾತಿಗಿಂತ ಮೊದಲು ಅಳು ಬರುತ್ತದೆ. ಹಳ್ಳಿ ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತಿದ್ದವಳು ನಾನು. ಬರೆಯೆಂದರೆ ಬರೆಯಬಲ್ಲೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬಿಟ್ಟುಹೋದ ಬಿಳಿ ಕಾರು ಹಳೆಯದು. ಅದರಲ್ಲೇ ನಿಮ್ಮ ಅವ್ವ ರಾಯಚೂರಿನಿಂದ ದೇವದುರ್ಗಕ್ಕೆ ಪಾಠ ಹೇಳಲು ಹೋಗುತ್ತಾಳೆ. ಅವಳ ಶಾಲೆಯಲ್ಲೇ ಓದುವ ನೀವು ಹಿಂದಿನ ಸೀಟಿನಲ್ಲಿ. ಸ್ಟೇರಿಂಗ್ ಕೆಟ್ಟಾಗ ನಿಮ್ಮ ಅಪ್ಪ ಅದನ್ನು ಮಾನ್ವಿ ರಸ್ತೆಯ ಗ್ಯಾರೇಜಿಗೆ ಬಿಟ್ಟ. ರಿಪೇರಿ ಮುಗಿದು ಮನೆಗೆ ಬಂದ ದಿನ ನಾನು ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದೆ. ಅರಿಷಿಣ, ಸುಣ್ಣ ಕಲಸಿದ ಕೆಂಪು ನೀರನ್ನು ನಿವಾಳಿಸಿ ಮುಂದಿನ ಗಾಲಿಯ ಹತ್ತಿರ ಚೆಲ್ಲಿದೆ. ಆ ನೀರು ಬಿದ್ದ ಜಾಗವನ್ನು ತುಳಿಯಬಾರದು, ಗುಡಿಸಬಾರದು, ತಾನಾಗಿ ಒಣಗಬೇಕೆಂದು ನನ್ನವ್ವ ಕಲಿಸಿದ್ದಳು. ಅಂಗಳವೆಲ್ಲ ಗುಡಿಸುತ್ತಿದ್ದೆ, ಆ ಕಲೆಯೊಂದನ್ನು ಬಿಟ್ಟು.

ರಾಯಚೂರಿನ ಬಿಸಿಲಿಗೆ ಬಕೆಟ್ ನೀರು ಚೆಲ್ಲಿದರೂ ಗಳಿಗೆಯಲ್ಲಿ ಆರುತ್ತದೆ. ದಿನಾ ಸಂಜೆ ಕಾರು ನಿಲ್ಲುವ ಜಾಗದ ಈ ಕಲೆ ಮಾತ್ರ ಆರಲಿಲ್ಲ, ಸ್ವಲ್ಪ ದೊಡ್ಡದೂ ಆದಂತಿತ್ತು. ನಿಮ್ಮ ಅಪ್ಪನಿಗೆ ತೋರಿಸಿದೆ.

"ನೀನ ಸುರದೀಯಲ್ಲಬೇ ಯವ್ವಾ. ಈಗ ನನ್ನ ಕೇಳಿದ್ರ?"

ಇರಬಹುದು ಎಂದುಕೊಂಡೆ. ಆ ವಾರವೇ ನಿಮ್ಮ ಅವ್ವ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಅತ್ತಿ, ಕಲ್ಮಲದ ಹತ್ರ ಲಾರಿಗಿ ದಾರಿ ಬಿಡಾಕ ಹೋದ್ರ ಸ್ಟೇರಿಂಗ್ ಕಲ್ಲಾಗಿ ನಿಂತುಬಿಡ್ತು. ಎರಡೂ ಕೈಲೆ ಜಗ್ಗಿದೆ." ಆಗ ನೀವಿಬ್ಬರೂ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಿರಿ.

ನಿಮ್ಮ ಅಪ್ಪ ಗ್ಯಾರೇಜಿನವನಿಗೆ ಫೋನು ಹಚ್ಚಿ ಸ್ಟೇರಿಂಗ್, ಕಲೆ, ಆರತಿ ನೀರು ಎಲ್ಲ ಹೇಳಿದ. ಅವನ ಮಾತು ನನಗೂ ಕೇಳಿಸಿತು. "ಸ್ಟೇರಿಂಗಿಗಿ ಹೊಸಾ ಪೈಪು ಹಾಕೀವ್ರಿ, ಏನೂ ಆಗಿಲ್ಲ. ಹೆಣ್ಣುಮಕ್ಕಳ ಕೈಗಿ ಬಿಗಿ ಅನಸ್ತದ. ಕೆಂಪು ಕಲಿ ಅಂತೀರಿ, ಅದು ನಿಮ್ಮ ಮನಿ ಆರತಿ ನೀರು!" ನಿಮ್ಮ ಅಪ್ಪನೂ ನಕ್ಕ. ಆ ನಗು ಕೇಳಿ ನನ್ನ ಮೈ ಉರಿಯಿತು. ಲಾರಿಯೆದುರು ಸ್ಟೇರಿಂಗ್ ಹಿಡಿದಿದ್ದವಳು ಹೇಳಿದ್ದು ಸುಳ್ಳು, ರಿಪೇರಿ ಆದ ಮೇಲೆ ಕಾರನ್ನು ಒಮ್ಮೆಯೂ ನೋಡದವನು ಹೇಳಿದ್ದು ಖರೆ!

ನಾನು ಹೋಗಿ ಆ ಕಲೆಗೆ ಬೆರಳಿಟ್ಟೆ. ಜಿಡ್ಡು. ಅರಿಷಿಣದ ನೀರಿಗೆ ಎಲ್ಲಿಯ ಜಿಡ್ಡು? ಕಾರನ್ನು ಅಂಗಳದ ಆಚೆ ಮೂಲೆಗೆ ನಿಲ್ಲಿಸಲು ಹೇಳಿ, ಅದರ ಕೆಳಗೆ ನಿಮ್ಮ ಅಜ್ಜನ ಹಳೆಯ ಬಿಳಿ ಧೋತರ ಹಾಸಿದೆ. ಬೆಳಿಗ್ಗೆ ಅದರ ಮೇಲೆ ಕೆಂಪು ಹನಿಗಳಿದ್ದವು.

"ಸ್ಟೇರಿಂಗಿಗಿ ಹಾಕೋ ಎಣ್ಣಿನೂ ಕೆಂಪೇ ಇರ್ತದ ಅತ್ತಿ. ಅದು ಸೋರಿದ್ರ ಸ್ಟೇರಿಂಗ್ ಬಿಗಿ ಆಗ್ತದ," ಎಂದಳು ನಿಮ್ಮ ಅವ್ವ.

"ಟೈರಿಗಿ ಹತ್ತಿದ್ದ ಆರತಿ ನೀರು ಬಿದ್ದಿರಬೇಕು," ಎಂದ ನಿಮ್ಮ ಅಪ್ಪ.

ಬಾನೆಟ್ ಎತ್ತಿ, ಹನಿ ಬಿದ್ದ ಕಡೆಯ ಪೈಪುಗಳನ್ನೆಲ್ಲ ನಾನು, ನಿಮ್ಮ ಅವ್ವ ಇಬ್ಬರೂ ಹಳೆ ಬಟ್ಟೆಯಿಂದ ಒರೆಸಿದೆವು. ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಒಂದು ಹನಿ ಬಿದ್ದರೂ ನನ್ನ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಪೈಪುಗಳ ಮೇಲೆ ಜೋಳದ ಹಿಟ್ಟು ಉದುರಿಸಿದೆ. ಅವಳು ಗಾಡಿ ಚಾಲೂ ಮಾಡಿ ಸ್ಟೇರಿಂಗನ್ನು ಅತ್ತ ಇತ್ತ ತಿರುಗಿಸಿದಳು. ನಾನು ಒಂದು ಹೆಜ್ಜೆ ಹಿಂದೆ ನಿಂತು ನೋಡಿದೆ. ಒಂದು ಪೈಪಿನ ಕುತ್ತಿಗೆಯಲ್ಲಿ ಹಿಟ್ಟು ಕೆಂಪಾಗಿ ಮುದ್ದೆಯಾಯಿತು. ಅಲ್ಲಿ ಬಿಗಿದಿದ್ದು ತುಕ್ಕು ಹಿಡಿದ ಹಳೆಯ ಕ್ಲಿಪ್ಪು. ಹೊಸ ಪೈಪಿಗೆ ಹಳೆಯ ಕ್ಲಿಪ್ಪು!

ಸೋರಿಹೋದಷ್ಟು ಎಣ್ಣೆ ತುಂಬಿ ಎಲ್ಲರೂ ನಿಧಾನವಾಗಿ ಗ್ಯಾರೇಜಿಗೆ ಹೋದೆವು. ಬಾನೆಟ್ ಎತ್ತಿದವನೇ ಗ್ಯಾರೇಜಿನವನು ಕೈ ತಟ್ಟಿ ನಕ್ಕ. "ಬರ್ರಿ ಬರ್ರಿ, ಎಲ್ಲಾರೂ ನೋಡ್ರಿ! ಏನ್ ಯವ್ವಾ, ಗಾಡ್ಯಾಗ ರೊಟ್ಟಿ ಬಡಿಯಾಕತ್ತೀರೇನು?" ಅಲ್ಲಿದ್ದವರೆಲ್ಲ ನಕ್ಕರು.

ಸೆರಗು ಬಾಯಿಗೆ ಹೋಗಿತ್ತು. ಅದನ್ನು ಕೆಳಗಿಳಿಸಿದೆ.

"ನಗ್ರಿ. ನಕ್ಕು ಮುಗಿದ ಮ್ಯಾಲ ನಿಮ್ಮ ಮಕ್ಕಳನ್ನ ಕರಸ್ರಿ. ನನ್ನ ಮೊಮ್ಮಕ್ಕಳು ಕುಂತ ಸೀಟಿನ್ಯಾಗ ಕುಂದರಿಸ್ರಿ. ಇದ ಕ್ಲಿಪ್ಪಿನ ಮ್ಯಾಲ ಕಲ್ಮಲ ತನಕ ಹೋಗಿ ಬರ್ರಿ. ನಾ ಇಲ್ಲೇ ನಿಂತಿರ್ತೀನಿ."

ಧ್ವನಿ ಒಡೆಯಿತು, ಕಣ್ಣಲ್ಲಿ ನೀರೂ ಬಂತು. ಆದರೂ ನಿಲ್ಲಿಸಲಿಲ್ಲ. "ನನ್ನ ಸೊಸಿ ಹೇಳಿದಾಗ ಒಮ್ಮಿ ಬಂದು ನೋಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಅವನು ಬಗ್ಗಿ ಕ್ಲಿಪ್ಪಿಗೆ ಕೈಹಚ್ಚಿದ. ಅದು ಅವನ ಬೆರಳಿಗೇ ತಿರುಗಿತು. "ಹುಡುಗರು ಹಳೇದ ಹಾಕಿಬಿಟ್ಟಾರ," ಎಂದು ಗೊಣಗಿದ. ತಪ್ಪಾಯಿತು ಎನ್ನಲಿಲ್ಲ. ಹೊಸದನ್ನು ಬಿಗಿದ ಮೇಲೆ ಮತ್ತೆ ಹಿಟ್ಟು ಉದುರಿಸಿ, ಸ್ಟೇರಿಂಗ್ ತಿರುಗಿಸಿ ನೋಡುವವರೆಗೆ ನಾನು ಕದಲಲಿಲ್ಲ. ಹಿಟ್ಟು ಬೆಳ್ಳಗೇ ಉಳಿಯಿತು.

ಮನೆಗೆ ಬಂದಾಗ ನಿಮ್ಮ ಅಪ್ಪ ಮೆಲ್ಲಗೆ ಕೇಳಿದ, "ಯವ್ವಾ, ಮತ್ತ ಆರತಿ ನೀರು ಕಲಸ್ತೀ?"

"ಮೊದಲ ನಿನ್ನ ಹೇಣ್ತಿಗಿ ತಪ್ಪಾತು ಅನ್ನು. ಆಮ್ಯಾಲ ಕಲಸ್ತೀನಿ."

ಅಂದ. ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಅಂದ. ನಾನು ನೀರು ಕಲಸಿದೆ, ಆದರೆ ಗಾಲಿಗೆ ಚೆಲ್ಲಲಿಲ್ಲ, ತುಳಸಿಕಟ್ಟೆಯ ಬುಡಕ್ಕೆ ಹಾಕಿದೆ. ಕಾರಿನ ಕೆಳಗೆ ಕೆಂಪು ಕಂಡರೆ ಇನ್ನು ಅದು ಎಣ್ಣೆಯೇ ಆಗಿರಬೇಕು.

ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಇಳಿಯುವುದೂ ಬೇಡ. ನಾಳೆ ನೀವೂ ಸ್ಟೇರಿಂಗ್ ಹಿಡಿಯುತ್ತೀರಿ. ಈ ಹಾಳೆಗಳನ್ನು ಅಜ್ಜನ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಕಲೆ ಹೋಗಿಲ್ಲವೆಂದು ಯಾರಾದರೂ ಧೋತರ ಬಿಸಾಡಲು ಬಂದರೆ ಬಿಡಬೇಡಿ. ಎರಡನ್ನೂ ಒಟ್ಟಿಗೇ ಜೋಪಾನವಾಗಿ ಇಟ್ಟುಕೊಳ್ಳಿ.